ಪೆಟ್ಟಾದ ದಿನವೇ ಬರೆಸಿರಿ

(ಮೋಕದಲ್ಲಿ ಸ್ವ-ಸಹಾಯ ಸಂಘಗಳ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಉಳಿತಾಯ, ಸಾಲ, ಮರುಪಾವತಿ ಬಗ್ಗೆ ನಾವು ಎಷ್ಟೋ ಸಲ ಕೂತು ಮಾತಾಡಿದ್ದೇವೆ. ಇವತ್ತು ಬೇರೆ ವಿಷಯ ತಗೊಂಡಿದ್ದೇವೆ. ಊರು ಬಿಟ್ಟು ದುಡಿಯೋಕೆ ಹೋದವರಿಗೆ ಕೆಲಸದ ಜಾಗದಲ್ಲಿ ಪೆಟ್ಟಾದರೆ ಏನು ಮಾಡಬೇಕು? ಪೆಟ್ಟಾಗದ ಹಾಗೆ ನೋಡಿಕೊಳ್ಳಬೇಕಾದವರು ಯಾರು? ಇದೇ ಇವತ್ತಿನ ಮಾತು.

ಮೋಕ, ಕುರುಗೋಡು, ಸಿರುಗುಪ್ಪ ಕಡೆಯ ಬದುಕು ನಿಮಗೆ ಹೇಳಬೇಕಾಗಿಲ್ಲ. ಕಾಲುವೆ ನೀರು ಬಂದ ವರ್ಷ ಊರಲ್ಲೇ ಕೆಲಸ. ಎರಡನೇ ಬೆಳೆಗೆ ನೀರು ಇಲ್ಲ ಅಂದರೆ ಗುಳೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕೊಚ್ಚಿಹೋದಾಗ ನಮ್ಮ ಮನೆಗಳಲ್ಲಿ ಎಂಥ ದಿಗಿಲು ಬಿತ್ತು ಅಂತ ನೀವೇ ನೋಡಿದ್ದೀರಿ. ನೀರು ಹೋದರೆ ಕೂಲಿ ಹೋಯ್ತು, ಕೂಲಿ ಹೋದರೆ ಬಸ್ ಹತ್ತಬೇಕು. ಕೆಲವರು ಬಳ್ಳಾರಿಯ ಜೀನ್ಸ್ ಹೊಲಿಗೆ ಕೆಲಸಕ್ಕೆ ಹೋಗ್ತಾರೆ. ಗಂಡಸರು, ಎಷ್ಟೋ ಕಡೆ ಗಂಡ-ಹೆಂಡತಿ ಇಬ್ಬರೂ, ಬೆಂಗಳೂರಿಗೆ ಗಾರೆ ಕೆಲಸಕ್ಕೆ, ಸೆಂಟ್ರಿಂಗ್ ಕೆಲಸಕ್ಕೆ ಹೋಗ್ತಾರೆ. ಹೆಣ್ಣುಮಕ್ಕಳು ಗಾರ್ಮೆಂಟ್ಸ್‌ಗೆ ಸೇರ್ತಾರೆ.

ಈಗ ಒಂದು ಪ್ರಶ್ನೆ ಕೇಳ್ತೀವಿ, ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳಿ. ನಿಮ್ಮ ಮನೆಯಿಂದ ಬೆಂಗಳೂರಿಗೆ ಹೋದವರು ಇವತ್ತು ಯಾವ ಏರಿಯಾದಲ್ಲಿ, ಯಾರ ಕಟ್ಟಡದಲ್ಲಿ ಕೆಲಸ ಮಾಡ್ತಿದ್ದಾರೆ? ಮೇಸ್ತ್ರಿ ಹೆಸರು ಗೊತ್ತಿರಬಹುದು. ಮಾಲೀಕರ ಹೆಸರು? ಗುತ್ತಿಗೆದಾರರ ಹೆಸರು? ಬಹಳ ಜನಕ್ಕೆ ಗೊತ್ತಿರೋದಿಲ್ಲ. ಅನಾಹುತ ಆದ ದಿನ ಮೊದಲು ಬೇಕಾಗುವುದು ಇದೇ ಹೆಸರುಗಳು.

ಹಣೆಬರಹ ಅನ್ನಬೇಡಿ

ಯಾರಾದರೂ ಕಟ್ಟಡದ ಮೇಲಿಂದ ಬಿದ್ದರೆ ನಾವು “ಅವನ ಹಣೆಬರಹ” ಅಂತ ಕಣ್ಣೊರೆಸಿಕೊಳ್ತೇವೆ. ಸ್ವಲ್ಪ ಯೋಚನೆ ಮಾಡಿ ನೋಡಿರಿ. ಮೂರನೇ ಮಹಡಿ ಅಂಚಿಗೆ ಅಡ್ಡಗಟ್ಟಿ ಇದ್ದರೆ, ಸೊಂಟಕ್ಕೆ ಬೆಲ್ಟು ಇದ್ದು ಅದನ್ನು ಭದ್ರವಾದ ಕಡೆ ಕಟ್ಟಿದ್ದರೆ, ಕೆಳಗೆ ಬಲೆ ಹಾಕಿದ್ದರೆ ಆತ ಉಳಿಯುತ್ತಿದ್ದ. ಪಾಯದ ಗುಂಡಿ ಆಳ ತೋಡುವಾಗ ಪಕ್ಕದ ಮಣ್ಣಿಗೆ ಹಲಗೆ ಆಸರೆ ಕೊಟ್ಟಿದ್ದರೆ ಮಣ್ಣು ಕುಸಿಯುತ್ತಿರಲಿಲ್ಲ. ಸಿಪ್ಪೆ ಸುಲಿದ ವೈರು ನೀರಲ್ಲಿ ಬಿದ್ದಿರದಿದ್ದರೆ ಕರೆಂಟು ಹೊಡೆಯುತ್ತಿರಲಿಲ್ಲ. ಹೊಲಿಗೆ ಮಿಷನ್ನಿಗೆ ಸೂಜಿ ಗಾರ್ಡು, ಬೆಲ್ಟಿಗೆ ಕವರು ಇದ್ದರೆ ಬೆರಳು, ಸೆರಗು, ಜಡೆ ಸಿಕ್ಕಿಕೊಳ್ಳೋದಿಲ್ಲ. ಇವು ಯಾವುವೂ ದೊಡ್ಡ ಖರ್ಚಿನವಲ್ಲ. ಖರ್ಚು ಉಳಿಸೋಕೆ, ಕೆಲಸ ಬೇಗ ಮುಗಿಸೋಕೆ ಯಾರೋ ಬಿಟ್ಟದ್ದರಿಂದ ಪೆಟ್ಟಾಗಿದೆ. ಅದಕ್ಕೆ ಜವಾಬ್ದಾರಿ ಇರುವವರು ಇದ್ದಾರೆ.

ಪೆಟ್ಟು ಅಂದರೆ ರಕ್ತ ಬರೋದು ಮಾತ್ರ ಅಂತಲೂ ತಿಳಿಯಬೇಡಿ. ನಮ್ಮ ಬಳ್ಳಾರಿ ಜೀನ್ಸಿನ ಊರು, ಅದಕ್ಕೇ ಈ ಮಾತು ಹೇಳ್ತೀವಿ. ತುರ್ಕಿ ದೇಶದಲ್ಲಿ ಜೀನ್ಸ್ ಪ್ಯಾಂಟು ಮಾಸಿದಂತೆ ಕಾಣಲಿ ಅಂತ ಬಟ್ಟೆ ಮೇಲೆ ಮರಳನ್ನು ರಭಸದಿಂದ ಸಿಡಿಸುತ್ತಿದ್ದರು. ಆ ಧೂಳು ಕುಡಿದ ಹುಡುಗರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬಂತು, ಎಷ್ಟೋ ಜನ ಚಿಕ್ಕ ವಯಸ್ಸಿಗೇ ಸತ್ತರು. 2009ರಲ್ಲಿ ಅಲ್ಲಿನ ಸರ್ಕಾರ ಆ ಕೆಲಸವನ್ನೇ ನಿಷೇಧ ಮಾಡಿತು. ನಮ್ಮ ದೇಶದ ಕಾನೂನಿನಲ್ಲೂ ಸಿಲಿಕೋಸಿಸ್‌ನಂಥ ಕಾಯಿಲೆಗಳನ್ನು ಕೆಲಸದಿಂದಾದ ಪೆಟ್ಟು ಅಂತಲೇ ಲೆಕ್ಕಕ್ಕೆ ಹಿಡಿಯುತ್ತಾರೆ. ಧೂಳು, ಬಣ್ಣ, ಆಸಿಡ್ಡಿನ ನಡುವೆ ದುಡಿಯುವವರಿಗೆ ಕೆಮ್ಮು ಬಿಡದೆ ಇದ್ದರೆ ಡಾಕ್ಟರ ಹತ್ತಿರ ತಮ್ಮ ಕೆಲಸ ಏನು ಅಂತ ಹೇಳಿ ಬರೆಸಬೇಕು.

ನೋಡಿಕೊಳ್ಳುವವರು ಯಾರು?

ನಮ್ಮಲ್ಲಿ ಕಾನೂನು ಇಲ್ಲದೆ ಇಲ್ಲ. ಕಾರ್ಖಾನೆಗಳಿಗೆ 1948ರ ಕಾಯ್ದೆ ಇತ್ತು, ಕಟ್ಟಡ ಕಾರ್ಮಿಕರಿಗೆ 1996ರ ಕಾಯ್ದೆ ಇತ್ತು. 2025ರ ನವೆಂಬರ್ 21ರಿಂದ ಇವುಗಳ ಜಾಗಕ್ಕೆ ಕೇಂದ್ರ ಸರ್ಕಾರದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ನಮ್ಮ ರಾಜ್ಯದಲ್ಲಿ ಕಾರ್ಮಿಕ ಇಲಾಖೆ ಇದೆ, ಕಾರ್ಖಾನೆಗಳ ಸುರಕ್ಷತೆ ನೋಡಲು ಬೇರೆ ಇಲಾಖೆಯೇ ಇದೆ. ಕಟ್ಟಡಕ್ಕೆ ಪರವಾನಗಿ ಕೊಡುವುದು ನಗರಪಾಲಿಕೆ.

ಹೊಸ ಸಂಹಿತೆಯಲ್ಲಿ ನಮಗೆ ಉಪಯೋಗದ ಮಾತುಗಳಿವೆ. ಕೆಲಸಕ್ಕೆ ಇಟ್ಟುಕೊಂಡ ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಬೇಕು ಅಂತ ಇದೆ. ಪ್ರಾಣಕ್ಕೆ ಅಪಾಯ ಇದೆ ಅನ್ನಿಸಿದರೆ ಮಾಲೀಕರಿಗೂ ಇನ್‌ಸ್ಪೆಕ್ಟರಿಗೂ ತಿಳಿಸುವ ಹಕ್ಕು ಕೆಲಸಗಾರರಿಗೆ ಇದೆ. ಆದರೆ ಒಂದು ತೊಡಕೂ ಇದೆ. ಮೊದಲು ಕರೆಂಟಿನಿಂದ ನಡೆಯುವ ಘಟಕದಲ್ಲಿ 10 ಜನ ಇದ್ದರೆ ಅದು ಕಾರ್ಖಾನೆ ಅನಿಸಿಕೊಳ್ಳುತ್ತಿತ್ತು, ಈಗ 20 ಜನ ಇರಬೇಕು. ಸ್ವಂತ ವಾಸಕ್ಕೆ ಕಟ್ಟಿಸುವ ಮನೆ 10 ಲಕ್ಷ ರೂಪಾಯಿ ದಾಟಿದರೆ ಕಟ್ಟಡ ಕಾರ್ಮಿಕರ ಕಾನೂನು ಬರುತ್ತಿತ್ತು, ಈಗ ಆ ಮಿತಿ 50 ಲಕ್ಷ. ನಮ್ಮ ಜನ ದುಡಿಯೋದು ಹೆಚ್ಚಾಗಿ ಇಂಥ ಸಣ್ಣ ಜಾಗಗಳಲ್ಲೇ. ಸಣ್ಣ ಶೆಡ್ಡು, ಸಣ್ಣ ಸೈಟು, ಮೇಸ್ತ್ರಿ ಕೈಕೆಳಗೆ ಎಂಟು ಜನ. ಅಲ್ಲಿಗೆ ಇನ್‌ಸ್ಪೆಕ್ಟರು ಬರ್ತಾರೆ ಅಂತ ನಂಬಿ ಕೂರೋ ಹಾಗಿಲ್ಲ.

ಬಂದು ನೋಡದಿದ್ದರೆ ಏನಾಗ್ತದೆ ಅಂತ ನಮ್ಮ ರಾಜ್ಯಕ್ಕೆ ಗೊತ್ತು. 1983ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಗಂಗಾರಾಮ್ ಕಟ್ಟಡ ಕಟ್ಟುತ್ತಿರುವಾಗಲೇ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಬಿದ್ದು 19 ಜನ ಹೋದರು. 2024ರ ಅಕ್ಟೋಬರ್ 22ರಂದು, ಮಳೆಯ ದಿನ, ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಬಹುಮಹಡಿ ಕಟ್ಟಡ ಕುಸಿದು ಕೂಲಿಕಾರರು ಅವಶೇಷದ ಅಡಿ ಸಿಕ್ಕಿಕೊಂಡರು. ಅಲ್ಲಿ ಪರವಾನಗಿ ಮೀರಿ ಮಹಡಿ ಏರಿಸಿದ್ದು ಆಮೇಲೆ ಹೊರಗೆ ಬಂತು. ನೋಡಿರಿ, ಮಹಡಿ ಮೇಲೆ ಮಹಡಿ ಏಳುವಾಗ ಅದು ಬೀದಿಯಲ್ಲಿ ಹೋಗುವ ಎಲ್ಲರಿಗೂ ಕಾಣುತ್ತದೆ. ಕಾಗದದಲ್ಲಿ ಎಷ್ಟು ಮಹಡಿ ಇದೆ ಅನ್ನೋದು ಮಾತ್ರ ಕೂಲಿಕಾರರಿಗೆ ಯಾರೂ ಹೇಳೋದಿಲ್ಲ.

ಬಿರುಕು ಮೊದಲು ಕಂಡದ್ದು ಯಾರಿಗೆ?

ಪಕ್ಕದ ಬಾಂಗ್ಲಾದೇಶದ ಕಥೆ ನಮ್ಮ ಗಾರ್ಮೆಂಟ್ಸ್ ಹೆಣ್ಣುಮಕ್ಕಳೆಲ್ಲಾ ತಿಳಿದಿರಬೇಕು. ಅಲ್ಲಿನ ರಾಜಧಾನಿ ಢಾಕಾ ಹತ್ತಿರ ಸಾವರ್ ಎಂಬಲ್ಲಿ ರಾಣಾ ಪ್ಲಾಜಾ ಅಂತ ಎಂಟು ಮಹಡಿ ಕಟ್ಟಡ. ಕೆಳಗೆ ಬ್ಯಾಂಕು, ಅಂಗಡಿ, ಮೇಲೆ ಗಾರ್ಮೆಂಟ್ಸ್. 2013ರ ಏಪ್ರಿಲ್ 23ರಂದು ಗೋಡೆ, ಕಂಬಗಳಲ್ಲಿ ಬಿರುಕು ಕಂಡಿತು. ಬ್ಯಾಂಕಿನವರು ತಮ್ಮ ನೌಕರರನ್ನು ಹೊರಗೆ ಕಳಿಸಿದರು. ಹೊಲಿಗೆಯ ಹೆಣ್ಣುಮಕ್ಕಳನ್ನು ಮಾತ್ರ ಮಾರನೇ ದಿನ ಬರಲೇಬೇಕು ಅಂದರು. ಬರದಿದ್ದರೆ ಸಂಬಳ ಸಿಗೋದಿಲ್ಲ ಅನ್ನೋ ಭಯಕ್ಕೆ ಹೋದರು. 24ರ ಬೆಳಿಗ್ಗೆ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು.

ಇಂಜಿನಿಯರು ಬರುವ ಮೊದಲೇ ಆ ಬಿರುಕು ಅಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆ ಕಂಡಿತ್ತು. ಅವರ ಮಾತು ಕೇಳುವವರು ಇರಲಿಲ್ಲ. ಆ ದುರಂತದ ಮೇಲೆ ಬಟ್ಟೆ ಕೊಳ್ಳುವ ದೊಡ್ಡ ಕಂಪನಿಗಳು ಮತ್ತು ಕಾರ್ಮಿಕ ಸಂಘಗಳು ಸೇರಿ 2013ರಲ್ಲೇ ಒಂದು ಕರಾರು ಮಾಡಿಕೊಂಡರು. ಇಂಜಿನಿಯರುಗಳು ಕಾರ್ಖಾನೆಗಳನ್ನು ತಪಾಸಣೆ ಮಾಡಿ ದೋಷಗಳನ್ನು ಎಲ್ಲರಿಗೂ ಗೊತ್ತಾಗುವ ಹಾಗೆ ಪ್ರಕಟಿಸಿದರು. ಕೆಲಸಗಾರರು ನೇರವಾಗಿ ದೂರು ಕೊಡುವ ವ್ಯವಸ್ಥೆ ಆಯಿತು. ದೂರು ಕೊಟ್ಟವರನ್ನು ಕೆಲಸದಿಂದ ತೆಗೆಯಬಾರದು ಅಂತಲೂ ಬರೆದುಕೊಂಡರು. ಅಂದರೆ, ಕಂಡವರು ಹೇಳಬೇಕು, ಹೇಳಿದ್ದು ಬರಹದಲ್ಲಿ ಉಳಿಯಬೇಕು. ತಪಾಸಣೆ ಅಂದರೆ ಇಷ್ಟೇ.

ನಮ್ಮ ರಾಜ್ಯದಲ್ಲಿ ಕಾರ್ಮಿಕ ಸಹಾಯವಾಣಿ 155214 ಇದೆ. ಬೆಲ್ಟು ಕೊಟ್ಟಿಲ್ಲ, ಬಾಗಿಲಿಗೆ ಬೀಗ ಹಾಕಿ ಕೆಲಸ ಮಾಡಿಸ್ತಾರೆ, ಗೋಡೆ ಬಿರುಕು ಬಿಟ್ಟಿದೆ ಅಂತ ಕಂಡರೆ ಫೋನ್ ಮಾಡಿ ಹೇಳಬಹುದು. ಕೆಲಸ ಹೋದೀತು ಅಂತ ಅಲ್ಲಿರುವವರು ಹೆದರುತ್ತಾರೆ. ಅವರ ಪರವಾಗಿ ಊರಲ್ಲಿರುವ ನಾವು ಮಾಡಬಹುದಲ್ಲ!

ಕಾನೂನು ಎಷ್ಟು ಕೊಡುತ್ತದೆ?

ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಕೊಡುವುದು ಮಾಲೀಕರ ಜವಾಬ್ದಾರಿ ಅಂತ 1923ರಿಂದಲೇ ಕಾನೂನು ಇದೆ. ಈಗ ಅದು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ, ಲೆಕ್ಕ ಹಾಕುವ ಕ್ರಮ ಹಾಗೇ ಉಳಿದಿದೆ. ಒಂದು ಉದಾಹರಣೆ ಇಟ್ಟುಕೊಳ್ಳೋಣ. 30 ವರ್ಷದ ಕೆಲಸಗಾರ, ತಿಂಗಳಿಗೆ 12,000 ರೂಪಾಯಿ ಕೂಲಿ. ಕೆಲಸ ಮಾಡುವಾಗ ಸತ್ತರೆ ಕೂಲಿಯ ಅರ್ಧ, ಅಂದರೆ 6,000. ಅದನ್ನು ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸಬೇಕು. 30 ವರ್ಷಕ್ಕೆ ಆ ಅಂಕಿ 207.98. ಲೆಕ್ಕ ಮಾಡಿದರೆ 12,47,880 ರೂಪಾಯಿ ಆಗ್ತದೆ. ಅದೇ ಕೆಲಸಗಾರನ ಹೆಬ್ಬೆರಳು ಹೋದರೆ ಶೇಕಡ 30 ಅಂಗನಷ್ಟ ಅಂತ ಪಟ್ಟಿಯಲ್ಲಿದೆ. ಪರಿಹಾರ ನಾಲ್ಕೂವರೆ ಲಕ್ಷದ ಹತ್ತಿರ ಬರುತ್ತದೆ. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇಕಡ 12 ಬಡ್ಡಿ ಸೇರುತ್ತದೆ. ಬಡ್ಡಿ ಲೆಕ್ಕ ನಿಮಗೆ ನಾವು ಕಲಿಸಬೇಕಾಗಿಲ್ಲ!

ಹೆಣ ಮನೆ ಮುಂದೆ ಇದ್ದಾಗ ಐವತ್ತು ಸಾವಿರ ಕೈಗಿಟ್ಟು “ಇಲ್ಲಿ ಸಹಿ ಹಾಕಮ್ಮ, ಇನ್ನೇನೂ ಕೇಳೋದಿಲ್ಲ ಅಂತ” ಅಂದರೆ ಏನು ಮಾಡ್ತೀರಿ? ಅಕ್ಕಂದಿರೇ, ಇದನ್ನು ನೆನಪಿಡಿ. ಸಾವಿನ ಪರಿಹಾರವನ್ನು ಮಾಲೀಕರು ಸರ್ಕಾರ ನೇಮಿಸಿದ ಪ್ರಾಧಿಕಾರದ ಹತ್ತಿರ ಠೇವಣಿ ಇಡಬೇಕು. ಮನೆಯವರ ಕೈಗೆ ನೇರವಾಗಿ ಕೊಟ್ಟದ್ದು ಪರಿಹಾರ ಕೊಟ್ಟಂತೆ ಆಗುವುದಿಲ್ಲ. ಮೂರು ತಿಂಗಳ ಕೂಲಿಯವರೆಗೆ ಮುಂಗಡ ಕೊಡಬಹುದು ಅಷ್ಟೇ. ಮಣ್ಣಿನ ಖರ್ಚಿಗೆ ದುಡ್ಡು ಕೊಟ್ಟರೆ ತಗೊಳ್ಳಿ. ಓದದ ಕಾಗದಕ್ಕೆ ಸಹಿ, ಹೆಬ್ಬೆಟ್ಟು ಹಾಕಬೇಡಿ.

“ಮೇಸ್ತ್ರಿ ಫೋನ್ ಎತ್ತುತ್ತಿಲ್ಲ” ಅಂತಾರೆ. ಮೇಸ್ತ್ರಿ ಓಡಿಹೋದರೂ ಅವನಿಗೆ ಕೆಲಸ ಕೊಟ್ಟ ಮೇಲಿನವರನ್ನು ಕೇಳಬಹುದು, ಕಾನೂನು ಅವರನ್ನೂ ಹಿಡಿಯುತ್ತದೆ. “ಬೆಂಗಳೂರಿಗೆ ಓಡಾಡೋಕೆ ಆಗಲ್ಲ” ಅಂತಾರೆ. ಅರ್ಜಿಯನ್ನು ನೀವು ವಾಸ ಇರುವ ಜಿಲ್ಲೆಯಲ್ಲೇ ಹಾಕಬಹುದು. ಆದರೆ ಎರಡು ವರ್ಷದೊಳಗೆ ಹಾಕಬೇಕು. “ವಕೀಲರ ಫೀಸಿಗೆ ದುಡ್ಡಿಲ್ಲ” ಅಂತಾರೆ. 1987ರ ಕಾನೂನು ಸೇವೆಗಳ ಕಾಯ್ದೆ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ವಕೀಲರ ಸಹಾಯ ಉಚಿತ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.

ಗಾರ್ಮೆಂಟ್ಸ್ ಮುಂತಾದ ಕಡೆ ಇ.ಎಸ್.ಐ. ಇದ್ದರೆ ದಾರಿ ಬೇರೆ. ಅಲ್ಲಿ ಪೆಟ್ಟಾಗಿ ಮನೆಯಲ್ಲಿ ಕೂತ ದಿನಗಳಿಗೆ ಕೂಲಿಯ ಶೇಕಡ 90ರಷ್ಟು ಸಿಗುತ್ತದೆ. ಸೇರಿದ ಮೊದಲ ದಿನವೇ ಪೆಟ್ಟಾದರೂ ಹಕ್ಕು ಇದೆ. ಸಂಬಳದ ಚೀಟಿಯಲ್ಲಿ ಇ.ಎಸ್.ಐ. ಅಂತ ದುಡ್ಡು ಹಿಡಿದಿದ್ದಾರಾ, ನಿಮ್ಮ ಹೆಸರಿನ ಇ.ಎಸ್.ಐ. ನಂಬರು ಕೊಟ್ಟಿದ್ದಾರಾ ಅಂತ ಮಗಳನ್ನು ಕೇಳಿ.

ಇನ್ನೊಂದು ಮಾತು. ಮ್ಯಾನ್‌ಹೋಲ್, ಸೆಪ್ಟಿಕ್ ಟ್ಯಾಂಕ್ ಒಳಗೆ ಇಳಿಯುವ ಕೆಲಸಕ್ಕೆ ಯಾರು ಎಷ್ಟು ದುಡ್ಡು ಕೊಡ್ತೀನಿ ಅಂದರೂ ಹೋಗಬಾರದು. ಒಳಗಿನ ಗಾಳಿ ಒಂದೆರಡು ಉಸಿರಿನಲ್ಲಿ ಪ್ರಜ್ಞೆ ತಪ್ಪಿಸುತ್ತದೆ, ಎತ್ತಲು ಇಳಿದವರೂ ಸಾಯುತ್ತಾರೆ. ರಕ್ಷಣೆ ಇಲ್ಲದೆ ಇಳಿಸುವುದು 2013ರ ಕಾಯ್ದೆ ಪ್ರಕಾರ ಅಪರಾಧ. ಚರಂಡಿಯೊಳಗೆ ಸತ್ತವರ ಮನೆಯವರಿಗೆ 30 ಲಕ್ಷ ಕೊಡಬೇಕು ಅಂತ ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ಹೇಳಿದೆ.

ಆ ದಿನ ಮಾಡಬೇಕಾದ್ದು

ಇಷ್ಟೆಲ್ಲಾ ಹಕ್ಕು ಇದ್ದರೂ ಬಹಳ ಮನೆಗಳಿಗೆ ಪರಿಹಾರ ಬರೋದಿಲ್ಲ. ಯಾಕೆ? ಆತ ಅಲ್ಲಿ ಕೆಲಸ ಮಾಡುತ್ತಿದ್ದ, ಕೆಲಸ ಮಾಡುವಾಗಲೇ ಬಿದ್ದ ಅಂತ ತೋರಿಸುವ ಒಂದು ಕಾಗದವೂ ಇರೋದಿಲ್ಲ. ಆಸ್ಪತ್ರೆಗೆ ಸೇರಿಸುವಾಗ ಪೊಲೀಸು ಬರುತ್ತದೆ ಅಂತ ಹೆದರಿಸಿ “ಮನೆಯಲ್ಲಿ ಜಾರಿಬಿದ್ದ” ಅಂತ ಬರೆಸುವವರು ಇದ್ದಾರೆ. ಆ ಒಂದು ಸಾಲು ಮುಂದೆ ಹನ್ನೆರಡು ಲಕ್ಷವನ್ನು ಕಳೆಯುತ್ತದೆ. ಅದಕ್ಕೆ ಪೆಟ್ಟಾದ ದಿನವೇ ಇಷ್ಟು ಮಾಡಿರಿ:

1. ಆಸ್ಪತ್ರೆಯಲ್ಲಿ “ಇಂಥ ಕಟ್ಟಡದಲ್ಲಿ ಕೆಲಸ ಮಾಡುವಾಗ ಬಿದ್ದದ್ದು” ಅಂತಲೇ ಹೇಳಿ ಬರೆಸಿ. ಚೀಟಿಯಲ್ಲಿ ಹಾಗೆ ಬರೆದಿದೆಯಾ ಅಂತ ಓದಿಸಿ ನೋಡಿ.

2. ಆ ಜಾಗದ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟು ಪ್ರತಿ ತಗೊಳ್ಳಿ. ಪ್ರಾಣ ಹೋಗಿದ್ದರೆ ಮರಣೋತ್ತರ ಪರೀಕ್ಷೆ ಆಗದೆ ಹೆಣ ಊರಿಗೆ ತರಬೇಡಿ. ಸಂಕಟದಲ್ಲಿ ಇದು ಕಷ್ಟದ ಮಾತು, ಗೊತ್ತು. ಆದರೂ ಮಕ್ಕಳ ಮುಖ ನೋಡಿ ಮಾಡಬೇಕು.

3. ಬಿದ್ದ ಜಾಗದ ಫೋಟೋ ತೆಗೆಸಿ. ಕಟ್ಟಡದ ಮುಂದಿನ ಬೋರ್ಡಿನ ಫೋಟೋ ಕೂಡ ಇರಲಿ. ಜೊತೆಗೆ ಕೆಲಸ ಮಾಡುತ್ತಿದ್ದ ಇಬ್ಬರ ಹೆಸರು, ಫೋನ್ ನಂಬರು ಬರೆದುಕೊಳ್ಳಿ.

4. ಮೇಸ್ತ್ರಿ ಫೋನ್ ಪೇಯಲ್ಲಿ ಕೂಲಿ ಹಾಕಿದ್ದು, ವಾಟ್ಸಾಪಿನಲ್ಲಿ ಮಾತಾಡಿದ್ದು ಯಾವುದನ್ನೂ ಅಳಿಸಬೇಡಿ. ಕೆಲಸ ಕೊಟ್ಟದ್ದಕ್ಕೆ ಅದೇ ಸಾಕ್ಷಿ.

5. ಸಹಾಯವಾಣಿ 155214ಕ್ಕೆ ತಿಳಿಸಿ, ಆಮೇಲೆ ಬಳ್ಳಾರಿಯ ಕಾರ್ಮಿಕ ಇಲಾಖೆ ಕಚೇರಿಗೆ ಬಂದು ಕೇಳಿ.

ನಮ್ಮ ಸಂಘ ಏನು ಮಾಡಬಹುದು?

ಲೆಕ್ಕ ಬರೆಯೋದು ನಿಮಗೆ ಹೊಸದಲ್ಲ. ಹತ್ತು ರೂಪಾಯಿ ಉಳಿತಾಯವನ್ನೂ ನೀವು ಪುಸ್ತಕದಲ್ಲಿ ಬರೆದಿಟ್ಟವರು. ಅದೇ ಕೈಯಿಂದ ಗುಳೆ ಹೋದವರ ಒಂದು ಪುಸ್ತಕ ಮಾಡಿರಿ. ಒಬ್ಬರಿಗೆ ಒಂದು ಪುಟ ಸಾಕು. ಹೋದವರ ಹೆಸರು, ವಯಸ್ಸು. ಕರೆದುಕೊಂಡು ಹೋದ ಮೇಸ್ತ್ರಿ ಹೆಸರು, ಊರು, ಫೋನ್. ಕೆಲಸದ ಜಾಗ, ಮಾಲೀಕರ ಅಥವಾ ಕಂಪನಿಯ ಹೆಸರು. ದಿನದ ಕೂಲಿ ಎಷ್ಟು, ಮುಂಗಡ ಎಷ್ಟು. ಹೊರಟ ದಿನ. ಜಾಗ ಬದಲಾದಾಗ ಫೋನಿನಲ್ಲಿ ಕೇಳಿ ಪುಟದಲ್ಲಿ ತಿದ್ದಿರಿ. ವಾರದ ಸಭೆಯಲ್ಲಿ ಐದು ನಿಮಿಷ ಇದಕ್ಕೆ ಕೊಡಿ. ಅನಾಹುತ ಆಗುವ ಮೊದಲೇ ಬರೆದ ಈ ಪುಟಕ್ಕೆ ಆಮೇಲೆ ಬರೆದ ಹತ್ತು ಅರ್ಜಿಗಿಂತ ಬೆಲೆ ಜಾಸ್ತಿ.

ಮೇಸ್ತ್ರಿ ಮುಂಗಡ ಕೊಡಲು ಊರಿಗೆ ಬಂದಾಗ ಸಂಘದವರೆಲ್ಲ ಕೂಡಿ ಕೇಳಿರಿ. ಎಷ್ಟನೇ ಮಹಡಿ ಕೆಲಸ? ಬೆಲ್ಟು, ಹೆಲ್ಮೆಟ್ ಯಾರು ಕೊಡ್ತಾರೆ? ಮಲಗೋಕೆ ಜಾಗ ಎಲ್ಲಿ? ಪೆಟ್ಟಾದರೆ ಆಸ್ಪತ್ರೆ ಖರ್ಚು ಯಾರದು? ಒಬ್ಬ ಹೆಂಗಸು ಕೇಳಿದರೆ “ನಿನಗ್ಯಾಕಮ್ಮ” ಅಂತಾನೆ. ಹದಿನೈದು ಜನ ಕೇಳಿದರೆ ಉತ್ತರ ಕೊಡ್ತಾನೆ.

18ರಿಂದ 60 ವರ್ಷದೊಳಗಿನ, ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ರಾಜ್ಯದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಇಟ್ಟಿಗೆ, ಮರಳು ಹೊರುವ ಹೆಂಗಸರೂ ಕಟ್ಟಡ ಕಾರ್ಮಿಕರೇ. ಗಂಡನ ಹೆಸರಲ್ಲಿ ಕಾರ್ಡು ಇದೆ ಅಂತ ನೀವು ಸುಮ್ಮನಾಗಬೇಡಿ. ಬ್ಯಾಂಕ್ ಖಾತೆ ಇರುವ 18ರಿಂದ 70 ವರ್ಷದವರು ವರ್ಷಕ್ಕೆ 20 ರೂಪಾಯಿ ಕಟ್ಟಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಮಾಡಿಸಬಹುದು. ಅಪಘಾತದಲ್ಲಿ ಸತ್ತರೆ 2 ಲಕ್ಷ ಬರುತ್ತದೆ. ಇದು ಮಾಲೀಕರ ಪರಿಹಾರಕ್ಕೆ ಬದಲು ಬರುವುದಲ್ಲ, ಬೇರೆಯೇ.

ಕೊನೆಯದಾಗಿ ಒಂದು ಮುಖ್ಯ ಮಾತು. ಹೆಣ್ಣುಮಗಳು ಐವತ್ತು ಸಾವಿರಕ್ಕೆ ಸಹಿ ಹಾಕುವುದು ತಿಳಿವಳಿಕೆ ಇಲ್ಲದೆ ಮಾತ್ರ ಅಲ್ಲ. ಆ ವಾರ ಆಸ್ಪತ್ರೆಗೆ, ಅಕ್ಕಿಗೆ, ಮಣ್ಣು ಮಾಡೋಕೆ ದುಡ್ಡು ಬೇಕಾಗಿರುತ್ತದೆ. ಆ ವಾರ ಸಂಘ ಕೈ ಹಿಡಿದರೆ ಆಕೆ ಸಹಿ ಹಾಕದೆ ನಿಲ್ಲಬಲ್ಲಳು. ಆದ್ದರಿಂದ ತುರ್ತು ಸಾಲಕ್ಕೆ ಅಂತ ಉಳಿತಾಯದಲ್ಲಿ ಸ್ವಲ್ಪ ಪಾಲು ಬೇರೆ ಇಡುವ ಠರಾವು ಮಾಡಿರಿ. ಸಭೆ ಕರೆಯದೆ ಪ್ರತಿನಿಧಿಗಳು ಅದೇ ದಿನ ಕೊಡುವ ಹಾಗಿರಲಿ. ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿರಿ.

ಮುಂದಿನ ವಾರದ ಸಭೆಗೆ ಬರುವಾಗ ನಿಮ್ಮ ಮನೆಯಿಂದ ಹೊರಗೆ ದುಡಿಯೋಕೆ ಹೋದವರಿಗೆ ಫೋನ್ ಮಾಡಿ, ಕೆಲಸದ ಜಾಗ ಮತ್ತು ಮಾಲೀಕರ ಹೆಸರು ಕೇಳಿಕೊಂಡು ಬನ್ನಿ. ಅವತ್ತೇ ಪುಸ್ತಕ ಶುರು ಮಾಡೋಣ.